ಪಂಚೆಯ ಹಿಂದಿನ ಕಪಿಲೆ

ಕೋಮಲ ಮೇಡಂ ಯಂತ್ರದ ಜೊತೆ ಮಾತಾಡುತ್ತಿದ್ದರು. ಅದೂ ಹಾಲು ಕರೆಯಲು ಕೂತವರು ಹಸುವಿನ ಜೊತೆ ಮಾತಾಡುವ ಹಾಗೆ. ಪ್ರೊಜೆಕ್ಟರಿನ ಗುಂಡಿ ಒತ್ತುವ ಮೊದಲು ಅದರ ಪಕ್ಕೆಯನ್ನು ಎರಡು ಸಲ ತಟ್ಟಿ, "ನಿಂತ್ಕೊ ನಮ್ಮವ್ವ, ಇವತ್ತೊಂದಿನ ಒದೀಬೇಡ" ಎಂದು ಮೆಲ್ಲಗೆ ಹೇಳದೆ ಅವರ ಪಾಠ ಮೊದಲಾಗುತ್ತಿರಲಿಲ್ಲ. ಸೋಸಲೆಯ ಹಾಲಿನ ಮನೆಯಲ್ಲಿ ಹುಟ್ಟಿ, ನಂಜನಗೂಡಿಗೆ ಸೊಸೆಯಾಗಿ ಬಂದು, ದಿನಾ ಬೆಳಗಿನ ರೈಲು ಹತ್ತಿ ಕವಲಂದೆಯಲ್ಲಿಳಿದು ನಮ್ಮೂರ ಶಾಲೆಗೆ ನಡೆದು ಬರುತ್ತಿದ್ದ ಆಕೆಯ ನಡಿಗೆಯೂ ಅಂಥದೇ. ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲ ತೂಗುತ್ತಿದ್ದರೂ ಮೇವಿನ ಹೊರೆ ಹೊತ್ತವರಂತೆ ಕತ್ತು ನೆಟ್ಟಗೆ, ಹೆಜ್ಜೆ ಬಿರುಸು. ಆ ಚೀಲದಲ್ಲಿ ಲ್ಯಾಪ್‌ಟಾಪಿಗೆ ಅಂಟಿಕೊಂಡೇ ಒಂದು ಡಬ್ಬಿ ಚಾಕ್‌ಪೀಸು.

ನಮ್ಮ ಯಜಮಾನರು ತೀರಿಕೊಂಡ ಮೇಲೆ ಆ ಶಾಲೆಯ ಬಿಸಿಯೂಟದ ಕೆಲಸಕ್ಕೆ ಸೇರಿದವಳು ನಾನು. ಬೆಳಿಗ್ಗೆ ಒಲೆ ಹಚ್ಚುವ ಹೊತ್ತಿಗೇ ಮೇಡಂ ಬಂದು, ಅಂದಿನ ಪಾಠದ ಚಿತ್ರವನ್ನೆಲ್ಲ ಕರಿಹಲಗೆಯ ಮೇಲೆ ಬರೆದು ಮುಗಿಸಿರುತ್ತಿದ್ದರು. ಆಮೇಲೆ ಅದರ ಮೇಲೊಂದು ಬಿಳಿ ಪಂಚೆಯನ್ನು ಇಳಿಬಿಡುತ್ತಿದ್ದರು. ಅವರ ತಂದೆಯ ಹಳೇ ಪಂಚೆ. ಪ್ರೊಜೆಕ್ಟರಿನ ಜೊತೆ ಪರದೆ ಬರಲಿಲ್ಲವೆಂದು ತಂದದ್ದು. ಯಂತ್ರ ನಡೆದರೆ ಪಂಚೆಯ ಮೇಲೆ ಪಾಠ. ನಿಂತರೆ ಪಂಚೆ ಮೇಲಕ್ಕೆ, ಹಿಂದೆ ಅದೇ ಪಾಠ ಬಿಳಿ ಗೆರೆಗಳಲ್ಲಿ ಸಿದ್ಧ. ಪಂಚೆ ಏಳುವುದನ್ನೇ ಕಾದಿದ್ದವರಂತೆ ಮೂವತ್ತೊಂದು ಮಕ್ಕಳೂ "ಓ" ಎಂದು ಕೂಗುತ್ತಿದ್ದವು.

ಹೆಡ್ಮಾಸ್ಟರು ಮಹಾದೇವಸ್ವಾಮಿಯವರಿಗೆ ಮಾತ್ರ ಯಂತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕುವುದೇ ಕ್ಷೇಮವೆನಿಸಿತ್ತು. "ಕೆಟ್ರೆ ಉತ್ತರ ಕೊಡೋನು ನಾನು ಕಣಮ್ಮ" ಎಂದರು ಒಮ್ಮೆ.

"ಬೀರುನಲ್ಲಿಟ್ರೂ ಕೆಡ್ತದೆ ಸಾ. ಇಲ್ಲಾದ್ರೆ ಮಕ್ಕಳ ಕಣ್ಣಿಗೆ ಬಿದ್ದಾದ್ರೂ ಕೆಡ್ತದೆ" ಎಂದರು ಮೇಡಂ.

ಅವರ ಬಾಯಿ ಹರಕೆಯೋ ಏನೋ, ಯಂತ್ರ ಪದೇ ಪದೇ ಒದೆಯಲು ಹಿಡಿಯಿತು. ಪಾಠ ನಡೆಯುತ್ತಿದ್ದಂತೆಯೇ ಫಕ್ಕನೆ ಕಪ್ಪಾಗುವುದು. ಮತ್ತೆ ಕಣ್ಣು ಬಿಡಲು ಹತ್ತು ನಿಮಿಷ ಬೇಕು. ನಂಜನಗೂಡಿನಿಂದ ರಿಪೇರಿಯ ಜಗನ್ ಮೂರು ಸಲ ಬಂದ. ಬರುತ್ತಿದ್ದುದೋ ಊಟದ ಹೊತ್ತಿಗೆ. ಆಗ ಯಂತ್ರ ಸಾಧುವಾಗಿ ನಡೆಯುತ್ತಿತ್ತು. "ಬೊಂಬಾಟಾಗೈತಲ್ಲ ಮೇಡಂ, ಸುಮ್ಕೆ ಕರುಸ್ತೀರಾ" ಎಂದು ನನ್ನ ಸಾರನ್ನು ಎರಡು ಸಲ ಬಡಿಸಿಕೊಂಡು ಹೋಗುತ್ತಿದ್ದ. ಅಷ್ಟರಲ್ಲಿ ತಾಲ್ಲೂಕಿನಿಂದ ಕಾಗದ ಬಂತು: ಸುಮ್ಮನೆ ಬಿದ್ದಿರುವ ಯಂತ್ರಗಳನ್ನು ದೊಡ್ಡ ಶಾಲೆಗಳಿಗೆ ಸಾಗಿಸಲಾಗುವುದು, ಮುಂದಿನ ತಿಂಗಳು ಪರಿಶೀಲನೆ. ಮೇಡಂ ಅದನ್ನು ಎರಡು ಸಲ ಓದಿದರು. ಬೈಯಲಿಲ್ಲ, ಅಳಲಿಲ್ಲ. ಒಂದು ಹಳೇ ನೋಟ್‌ಬುಕ್ಕಿನಲ್ಲಿ ಯಂತ್ರ ನಿಂತ ದಿನ, ಗಳಿಗೆ ಬರೆಯತೊಡಗಿದರು.

ಎರಡು ವಾರದ ನಂತರ ಆ ನೋಟ್‌ಬುಕ್ಕನ್ನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು.

"ಸಾಕಮ್ಮ, ಗುರುವಾರ ಏನಡುಗೆ ಮಾಡ್ತೀರಿ?"

"ಬಿಸಿಬೇಳೆಬಾತು ಕಣಮ್ಮ. ಪುಡಿ ಮನೇಲೇ ಮಾಡಿಟ್ಟಿರ್ತೀನಲ್ಲ."

"ಮಿಕ್ಕಿದ್ ದಿನ?"

"ಸಾರು. ಕಾಯಿ, ಮಸಾಲೆ ರುಬ್ಬ್‌ಬೇಕಲ್ಲ..." ಅನ್ನುತ್ತಲೇ ನನ್ನ ಕಣ್ಣು ಮಿಕ್ಸಿಯ ಮೇಲೆ ಹೋಯಿತು. ಹಳೆಯ ವಿದ್ಯಾರ್ಥಿ ರವಿ ಕೊಡಿಸಿದ ಮಿಕ್ಸಿ. ಅದು ಬಂದಂದಿನಿಂದ ನನ್ನ ಠೀವಿಯೇ ಬೇರೆ. ಶಾಲೆಗೆಲ್ಲ ಇರುವುದು ಒಂದೇ ಹಳೇ ಕರೆಂಟ್ ಲೈನು. ಇಲ್ಲಿ ನನ್ನ ಮಿಕ್ಸಿ ಗುರ್ರೆಂದರೆ ಅಲ್ಲಿ ಅವರ ಯಂತ್ರಕ್ಕೆ ಉಸಿರು ಕಟ್ಟುತ್ತಿತ್ತು. ನೋಟ್‌ಬುಕ್ಕಿನಲ್ಲಿ ಗುರುವಾರದ ಸಾಲುಗಳು ಮಾತ್ರ ಖಾಲಿ.

ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು. "ಅಯ್ಯೋ ನನ್ ಕೈಗಿಷ್ಟು ಬೆಂಕಿ ಹಾಕ! ನಾಳಿಂದ ಒರಳಲ್ಲೇ ರುಬ್ತೀನಿ, ಮೇಡಮ್ಮೋರೆ."

"ಈ ವಯಸ್ನಲ್ಲಿ ಒರಳಾ? ಸುಮ್ನಿರಿ. ಅದೂ ನಮ್ ಯಂತ್ರಾನೇ, ಇದೂ ನಮ್ ಯಂತ್ರಾನೇ. ಒಂದೇ ಕೊಟ್ಟಿಗೇಲಿ ಎರಡು ಕಟ್ಟಿದ್ರೆ ಸರದಿ ಮೇಲೆ ಕರೀಬೇಕು, ಅಷ್ಟೇಯ."

ಮರುದಿನ ವೇಳಾಪಟ್ಟಿಯಲ್ಲಿ, ಗಣಿತಕ್ಕೂ ಸಮಾಜಕ್ಕೂ ನಡುವೆ, ಕೆಂಪು ಶಾಯಿಯಲ್ಲಿ ದುಂಡಗೆ ಬರೆದಿತ್ತು: ಸಾಕಮ್ಮನವರ ಮಿಕ್ಸಿ, ಹತ್ತು ನಿಮಿಷ. ಮೂರನೆಯ ತರಗತಿಗೇ ಸ್ಲೇಟು ಬಿಟ್ಟವಳ ಹೆಸರು ಶಾಲೆಯ ಗೋಡೆ ಹತ್ತಿತ್ತು.

ಪರಿಶೀಲನೆಗೆ ಬಂದ ಅಮೃತೇಶ್ ಸಾಹೇಬರ ಕಣ್ಣು ಮೊದಲು ಬಿದ್ದದ್ದೇ ಅದರ ಮೇಲೆ. "ಇದ್ಯಾವ್ದು ಹೊಸ ಸಬ್ಜೆಕ್ಟು?" ಎಂದರು. ಮೇಡಂ ನಗದೆ ವಿವರಿಸಿದರು. ಪಾಠ ಶುರುವಾಯಿತು, ಪಂಚೆಯ ಮೇಲೆ ಕಪಿಲೆ ನಂಜನಗೂಡನ್ನು ದಾಟಿ, ತಿರುಮಕೂಡಲಲ್ಲಿ ಕಾವೇರಿಯನ್ನು ಕೂಡಲು ಜುಳುಜುಳು ಹೊರಟಳು. ಅರ್ಧ ದಾರಿಯಲ್ಲಿ ಎಲ್ಲ ಕಪ್ಪು. ಹೆಡ್ಮಾಸ್ಟರು ಅಡುಗೆಮನೆಯತ್ತ ದುರುಗುಟ್ಟಿದರು. ನಾನು ಬಾಗಿಲಲ್ಲೇ ನಿಂತು ಎರಡೂ ಕೈ ಎತ್ತಿ ತೋರಿಸಿದೆ: ನಾನಲ್ಲ! ಊರಿಗೆ ಊರೇ ಕರೆಂಟು ಹೋಗಿತ್ತು.

ಮೇಡಂ ಪಂಚೆ ಎತ್ತಿದರು. ನದಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಚಾಕಿನ ಗೆರೆಯ ಮೇಲೆ ಬೆರಳು ಮುಂದೆ ಸಾಗಿತು. ಮಕ್ಕಳು ಊರುಗಳ ಹೆಸರು ಕೂಗುತ್ತ ಸಂಗಮ ಮುಟ್ಟಿಸಿದರು. ಸಾಹೇಬರು ತಲೆದೂಗಿದರು. ಆಮೇಲೆ ಕೇಳಿದರು: "ಚಾಕಲ್ಲೇ ಇಷ್ಟು ಚೆನ್ನಾಗಿ ಮಾಡ್ತೀರಲ್ಲಮ್ಮ, ನಿಮ್ಗೆ ಯಂತ್ರ ಯಾಕೆ? ಇಲ್ದಿರೋರಿಗೆ ಕೊಡೋಣ."

ಮೇಡಂ ಬೆರಳ ಚಾಕಿನ ಪುಡಿಯನ್ನು ಸೆರಗಿಗೆ ಒರೆಸಿಕೊಂಡರು. "ನನ್ ಚಾಕಲ್ಲಿ ನೀರು ಹರಿಯಲ್ಲ ಸಾ. ಹರಿಯೋದನ್ನ ಈ ಮಕ್ಕಳು ಅದ್ರಲ್ಲೇ ನೋಡಿರೋದು. ನೋಡಿದ್ಕೇ ಈಗ ಗೆರೆ ಕಂಡ್ರೂ ನೀರು ಅಂತವೆ."

ಸಾಹೇಬರು ಜೇಬಿನಿಂದ ಪೆನ್ನು ತೆಗೆದರು. "ಇಲ್ಲೇ ಇರ್ಲಿ ಬಿಡಿ" ಎಂದು ಬರೆದುಕೊಂಡರು. ಊಟಕ್ಕೂ ನಿಂತರು, ಸಾರಿಗೆ ಉಪ್ಪು ಒಂದು ಕಲ್ಲು ಮುಂದಾಗಿದ್ದರೂ ಬಡಿಸಿದ್ದನ್ನೆಲ್ಲ ಉಂಡರು.

ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಆ ನೋಟ್‌ಬುಕ್ಕು ಎಷ್ಟೋ ಸಲ ನೆನಪಾಗುತ್ತದೆ. ಏನಾದರೂ ಕೆಟ್ಟಾಗ, ಯಾರು ಕೆಡಿಸಿದರು ಎಂದು ಹುಡುಕುವವರನ್ನೇ ಜೀವಮಾನವಿಡೀ ನೋಡಿದವಳು ನಾನು. ಯಾವಾಗ ಕೆಡುತ್ತದೆ ಎಂದು ಮಾತ್ರ ಕೇಳುವ ಜನ ಅಪರೂಪ. ಅಂಥವರ ಕೈಯಲ್ಲಿ ಯಂತ್ರವೂ ಉಳಿಯುತ್ತದೆ, ತಪ್ಪು ಮಾಡಿದವರ ಮರ್ಯಾದೆಯೂ ಉಳಿಯುತ್ತದೆ.