ಹಗ್ಗದಾಚೆಯ ನೀರು

"ಕೂದಲು ಬಿಡೇ! ಕಿತ್ತು ಬರತ್ತೆ, ಬಿಡು!"

ಬೇಕರಿಯವಳು ಹೀಗೆ ಕಿರುಚಿಕೊಂಡಾಗ ಇಬ್ಬರ ಮೊಣಕಾಲಿಗೂ ಮರಳು ಸಿಕ್ಕಿತ್ತು. ಅವಳನ್ನು ಕಡಲಿನಿಂದ ಎಳೆದು ತಂದ ಡ್ರೈವಿಂಗ್ ಟೀಚರ್ ಮುಷ್ಟಿ ಸಡಿಲಿಸಿದಳು. ಮೂಗು, ಗಂಟಲು ಎಲ್ಲ ಉಪ್ಪುಪ್ಪು.

"ಏನಾಗಿತ್ತೇ ನಿಂಗೆ?" ಎಂದು ಇಬ್ಬರೂ ಒಟ್ಟಿಗೇ ಕೇಳಿದರು.

"ನಂಗೇನಾಗತ್ತೆ? ಆರಾಮಾಗಿ ತೇಲ್ತಾ ಇದ್ದೆ. ಗೋಣಿಚೀಲ ಎಳೆದ ಹಾಗೆ ಎಳ್ಕೊಂಡು ಬಂದೆಯಲ್ಲ!"

"ನೀನು ಹಗ್ಗ ದಾಟಿ ಹೋಗಿದ್ದೆ. ಮುಖ ನೀರೊಳಗಿತ್ತು. ಕೂಗಿ ಕೂಗಿ ಸತ್ತೆ ನಾನು."

"ಕಿವಿಲಿ ನೀರು ತುಂಬಿದ್ರೆ ಯಾರ ಕೂಗು ಕೇಳತ್ತೆ?" ಬೇಕರಿಯವಳು ನಗಲು ಹೋದಳು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಸಿಟ್ಟಾಯಿತು. "ನಿನ್ನ ಕಾರಲ್ಲಿ ನಿನ್ನ ಕಾಲಡಿಗೂ ಒಂದು ಬ್ರೇಕ್ ಇದೆ ಅಂತ ಎಲ್ಲರ ಬಾಳಿಗೂ ಬ್ರೇಕ್ ಒತ್ತೋಕೆ ಬರಬೇಡ."

ಟೀಚರ್ ಕೂದಲಿನ ನೀರು ಹಿಂಡಿಕೊಂಡಳು. ಕಲಿಯುವವರು ತಾವಾಗಿಯೇ ಬ್ರೇಕ್ ಹಾಕುತ್ತಿದ್ದರೋ ಇಲ್ಲವೋ ಎಂದು ಕಾದು ನೋಡುವ ಪುರುಸೊತ್ತು ಅವಳ ಕಸುಬಿನಲ್ಲಿ ಇರಲಿಲ್ಲ. ಮೊದಲು ಒತ್ತುವುದು, ಆಮೇಲೆ ಬೈಸಿಕೊಳ್ಳುವುದು. ಆದರೆ ಹಾಗೆ ಬೈದವರು ಯಾರೂ ಅವಳ ಹೆಗಲ ಮೇಲೆ ಉಗುರಿನ ಗೀರು ಬಿಟ್ಟುಹೋಗಿರಲಿಲ್ಲ. ಈಗ ಎಡಹೆಗಲು ಉರಿಯುತ್ತಿತ್ತು. ಆರಾಮಾಗಿ ತೇಲುತ್ತಿದ್ದವಳು ಹೀಗೆ ಉಗುರೂರಿ ಹಿಡಿಯುತ್ತಾಳೆಯೇ? ಹಿಡಿಯುವ ಮೊದಲು ಒಮ್ಮೆ ಎರಡೂ ಕೈಯಿಂದ ತಳ್ಳಿದ್ದಳಲ್ಲ, ಅದೇನು? ಮುಳುಗುವವರು ಗಾಬರಿಯಲ್ಲಿ ತಳ್ಳುವುದೂ ಉಂಟಂತೆ. ಬೇಡ ಎನ್ನುವವರೂ ತಳ್ಳುತ್ತಾರೆ.

ಜೊತೆಗೆ ಬಂದಿದ್ದ ಇನ್ನೊಬ್ಬಳೂ ಸೇರಿ ಮೂವರದು ಶಾಲೆಯ ಬೆಂಚಿನಿಂದ ಬಂದ ಸ್ನೇಹ. ಬೇಸಿಗೆಗೊಂದು ದಿನ ಮನೆ, ಅಂಗಡಿಗೆ ಬೀಗ ಹಾಕಿ, ಬಾಡಿಗೆಯ ದೋಣಿಯಲ್ಲಿ ದ್ವೀಪಗಳನ್ನು ಸುತ್ತಿ ಬರುವುದು ವಾಡಿಕೆ. ಬೆಳಿಗ್ಗೆ ದೀಪಸ್ತಂಭದ ದ್ವೀಪ, ಆಮೇಲೆ ಗುಹೆಗಳದ್ದು, ಕೊನೆಗೆ ಬಂಡೆಗಳ ನಡುವೆ ಅಂಗೈಯಗಲ ಮರಳಿರುವ ಈ ದ್ವೀಪ. ಹಳದಿ ತೇಲುಚೆಂಡು ಕಟ್ಟಿದ ಹಗ್ಗದಾಚೆ ಸೆಳೆತ ಜೋರು, ಹೋಗಬೇಡಿ ಎಂದು ಹೇಳಿ ದೋಣಿಯವನು ಬಂಡೆಯ ನೆರಳಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಬೇಕರಿಯವಳ ಗಂಡ ಚಳಿಗಾಲದಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಲು ಹೊರಟುಹೋಗಿದ್ದ. ಈ ಸಲ ಅಳು ಇರುತ್ತದೆ ಎಂದು ಉಳಿದಿಬ್ಬರೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದರೆ, ಅವಳು ಹೊಸ ಟೊಪ್ಪಿ ಹಾಕಿಕೊಂಡು ಬಂದು, ದೀಪಸ್ತಂಭದ ಮೆಟ್ಟಿಲುದ್ದಕ್ಕೂ ಇಬ್ಬರನ್ನೂ ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದಳು.

ಈಗಲೂ ಅವಳು ಟವೆಲು ಸುತ್ತಿಕೊಂಡು ಕಲ್ಲಂಗಡಿ ಹೆಚ್ಚಲು ಕೂತಿದ್ದಳು. "ಈ ಚಾಕೂಲಿ ಬೆಣ್ಣೆಯನ್ನೂ ಕೊಯ್ಯೋಕಾಗಲ್ಲ, ಯಾರು ತಂದಿದ್ದು?" ಎಂದು ಎಂದಿನ ಗತ್ತಿನಲ್ಲೇ ಗದರಿದಳು. ಟೀಚರಿಗೆ ತನ್ನ ಕಣ್ಣಿನ ಮೇಲೇ ಅನುಮಾನ ಬಂತು.

ಮೂರನೆಯವಳು, ಔಷಧದಂಗಡಿಯವಳು, ಬಂಡೆಯ ಮೇಲೆ ಒದ್ದೆ ಬಟ್ಟೆ ಹರವುತ್ತಿದ್ದಳು. ಟೀಚರ್ ಅವಳ ಹತ್ತಿರ ಹೋದಳು.

"ನೀನು ನೋಡ್ದೆಯಲ್ಲ? ಅವಳು ಮುಳುಗ್ತಾ ಇದ್ದಳಾ, ಆಡ್ತಾ ಇದ್ದಳಾ?"

"ನಾನು ನೋಡಿದಾಗ ಇಬ್ಬರೂ ಆಡ್ತಿದ್ದ ಹಾಗಿತ್ತು. ಬಿಸಿಲು ಕಣ್ಣಿಗೆ ಹೊಡೀತಿತ್ತು." ಬಟ್ಟೆಯ ಸುಕ್ಕನ್ನು ಮತ್ತೆ ಮತ್ತೆ ತೀಡಿ, ದನಿ ತಗ್ಗಿಸಿದಳು. "ನಿಂಗೆ ಹೇಳ್ಬೇಕೋ ಬೇಡ್ವೋ ಅಂತಿದ್ದೆ. ಹೋದ ತಿಂಗಳಿಂದ ಅವಳಿಗೆ ನಿದ್ದೆ ಮಾತ್ರೆ ಕೊಡೋದು ನಿಲ್ಸಿದೀನಿ."

"ಯಾಕೆ?"

"ಜಾಸ್ತಿ ಕೇಳೋಕೆ ಶುರು ಮಾಡಿದ್ಳು. ನಿದ್ದೆ ಬರದವರೂ ಕೇಳ್ತಾರೆ, ಅದು ಸರೀನೇ. ನಂಗೇ ಹೆದರಿಕೆ ಆಯ್ತು."

ಟೀಚರ್ ಹಿಂದಿರುಗಿ ಬಂದು ಕಲ್ಲಂಗಡಿಯ ಮುಂದೆ ಕೂತಳು. ಸುತ್ತಿಬಳಸಿ ಮಾತಾಡುವುದು ಅವಳಿಗೆ ಒಗ್ಗುತ್ತಿರಲಿಲ್ಲ.

"ನೀನು ವಾಪಸ್ ಬರೋ ಯೋಚನೆಲಿ ಇದ್ದೆಯಾ ಇಲ್ವಾ, ಅಷ್ಟು ಹೇಳು."

ಬೇಕರಿಯವಳು ಚಾಕು ಕೆಳಗಿಟ್ಟಳು. ಕೈಗೆ ಮೆತ್ತಿದ ಬೀಜಗಳನ್ನು ಒಂದೊಂದಾಗಿ ಬಿಡಿಸಿ ಮರಳಿಗೆ ಹಾಕಿದಳು.

"ನಂಗೂ ಗೊತ್ತಾಗ್ಲಿಲ್ಲ ಕಣೇ," ಎಂದಳು. "ನೀರು ಚೆನ್ನಾಗಿತ್ತು. ಹೋಗ್ತಾ ಇದ್ದೆ. ತಿರುಗಬೇಕು ಅನ್ನಿಸ್ಲಿಲ್ಲ. ಹೋಗೇಬಿಡಬೇಕು ಅಂತಾನೂ ಅನ್ನಿಸ್ಲಿಲ್ಲ. ನೀನು ಬಂದು ಹಿಡಿದಾಗ ಕೆಟ್ಟ ಸಿಟ್ಟು ಬಂತು. ಆಮೇಲೆ ನಿನ್ನ ಬಿಟ್ಟರೆ ಸತ್ತೇ ಹೋಗ್ತೀನಿ ಅಂತ ಭಯ ಆಯ್ತು. ಇದ್ರಲ್ಲಿ ಯಾವುದು ನಿಜ ಅಂತ ನನ್ನ ಕೇಳಿದ್ರೆ ಏನು ಹೇಳಲಿ?"

ಔಷಧದಂಗಡಿಯವಳು ಬಂದು ಅವಳ ಇನ್ನೊಂದು ಪಕ್ಕ ಕೂತಳು. ಮೂವರೂ ಹಣ್ಣು ತಿಂದರು. ರಸ ಮೊಣಕೈವರೆಗೂ ಇಳಿಯಿತು. ಅಳಬೇಕೋ ಬೈಯಬೇಕೋ ಟೀಚರಿಗೆ ತೋಚಲಿಲ್ಲ. ಸತ್ತೇ ಹೋಗುತ್ತಿದ್ದಳು ಎಂದುಕೊಂಡರೆ ತಬ್ಬಿಕೊಳ್ಳಬೇಕೆನಿಸುತ್ತಿತ್ತು. ಸುಮ್ಮನೆ ತೇಲುತ್ತಿದ್ದಳು ಎಂದುಕೊಂಡರೆ ನಾಚಿಕೆಯಾಗುತ್ತಿತ್ತು.

"ಇವತ್ತು ನಮ್ಮನೇಲಿ ಮಲಗ್ತೀಯ," ಎಂದಳು ಕೊನೆಗೆ.

"ಬೆಳಗಿನ ಜಾವ ಹಿಟ್ಟು ನಾದಬೇಕು ನಾನು."

"ನಾನೂ ಬರ್ತೀನಿ."

"ನೀನಾ? ನೀನು ನಾದಿದ ಬ್ರೆಡ್ಡಲ್ಲಿ ಗೋಡೆ ಕಟ್ಟಬಹುದು."

"ಕಟ್ಟೋಣ. ನಾಳೆ ಡಾಕ್ಟರ ಹತ್ರಾನೂ ಹೋಗೋಣ. ಮೂವರೂ."

ಬೇಕರಿಯವಳು ಟವೆಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು.

ಬಿಸಿಲು ಇಳಿಯುವ ಹೊತ್ತಿಗೆ ದೋಣಿ ಹೊರಟಿತು. ಮೂವರೂ ಒಂದೇ ಹಲಗೆಯ ಮೇಲೆ, ಬೇಕರಿಯವಳನ್ನು ನಡುವೆ ಹಾಕಿಕೊಂಡು, ಒಂದೇ ಮಗ್ಗುಲಿಗೆ ಕೂತಿದ್ದರು. ದೋಣಿ ಆ ಕಡೆಗೆ ವಾಲಿತು.

"ಅಮ್ಮಾ, ಒಬ್ಬರು ಈ ಕಡೆ ಬಂದು ಕೂತ್ಕೊಳ್ಳಿ, ಭಾರ ಸರಿಹೋಗತ್ತೆ," ಎಂದ ದೋಣಿಯವನು.

ಮೂವರೂ ಮುಖ ಮುಖ ನೋಡಿಕೊಂಡರು. ಯಾರೂ ಏಳಲಿಲ್ಲ. ಅವನು ಇನ್ನೊಮ್ಮೆ ಹೇಳಿ ನೋಡಿದ. ಆಮೇಲೆ ಏನೋ ಗೊಣಗಿಕೊಂಡು, ನೀರಿನ ಕ್ಯಾನನ್ನೂ ಲಂಗರಿನ ಸರಪಳಿಯನ್ನೂ ಎಳೆದೆಳೆದು ಆಚೆ ಬದಿಗೆ ಇಟ್ಟು, ತಾನೂ ಅಲ್ಲೇ ಅಂಚಿಗೆ ಒರಗಿ ಕೂತ. ದೋಣಿ ಅಷ್ಟೋ ಇಷ್ಟೋ ನೆಟ್ಟಗಾಗಿ ದಡದ ಕಡೆಗೆ ಸಾಗಿತು.