ಕಾಲು ಚಾಚುವ ಸೈಕಲ್ಲು

ಮೂವತ್ತು ವರ್ಷ ಹಾಲಿನ ಕ್ಯಾನು ಕಟ್ಟಿಕೊಂಡು ಸೂಲಿಬೆಲೆ ಡೈರಿಗೆ ಸೈಕಲ್ ತುಳಿದ ಅಪ್ಪಯ್ಯಣ್ಣನಿಗೆ ಈಗ ಮಲಗಿಕೊಂಡು ತುಳಿಯುವುದನ್ನು ಕಲಿಸಲು ತಂಗಿಯ ಮಗ ವಸಂತ್ ಬಂದಿದ್ದ. ಸೊಂಟ ಕೈಕೊಟ್ಟು ಮೂರು ತಿಂಗಳು. ಹಳೇ ಸೈಕಲ್ಲು, ಬೈಕು, ಆಟೋ ಯಾವುದರ ಕುಲುಕಾಟವೂ ಕೂಡದೆಂದು ಡಾಕ್ಟರು ಹೇಳಿದ್ದರು. ಒರಗಿ ತುಳಿಯುವುದಾದರೆ ಅಡ್ಡಿಯಿಲ್ಲವಂತೆ.

ಎರಡು ಮೈಲಿಯಾಚೆಯ ಆಂಜನೇಯನ ಗುಡಿಯಲ್ಲಿ ಶನಿವಾರ ಶನಿವಾರ ಹನುಮಂತರಾಯಪ್ಪನವರು ಕಾವ್ಯ ಓದುತ್ತಿದ್ದರು. ನಾಳೆ ಯುದ್ಧದ ಕಡೆಯ ಸಂಧಿ. ಅದೊಂದನ್ನು ಕೇಳದೆ ಹೋದರೆ ವರ್ಷವಿಡೀ ಕೇಳಿದ್ದೂ ದಂಡವೆಂದು ಅಪ್ಪಯ್ಯಣ್ಣ ಒದ್ದಾಡುತ್ತಿದ್ದ.

ದೇವನಹಳ್ಳಿಯಲ್ಲಿ ತಾನು ಕೆಲಸ ಮಾಡುವ ಹೋಟೆಲಿನವರು ಅತಿಥಿಗಳ ಸವಾರಿಗೆಂದು ಇಟ್ಟಿದ್ದ ಮೂರು ಬಗೆಯ ಒರಗು ಸೈಕಲ್ಲುಗಳನ್ನು ವಸಂತ್ ಕೇಳಿ ತಂದು ರಾಗಿ ಕಣದಲ್ಲಿ ಇಳಿಸಿದ.

ಮೊದಲನೆಯದು ಉದ್ದ. ಹ್ಯಾಂಡಲ್ಲು ಎದೆಯ ಮುಂದೆ ಎಮ್ಮೆ ಕೊಂಬಿನಂತೆ ಚಾಚಿತ್ತು. ನೇರ ಹೋಗುವಾಗ ಎಣ್ಣೆ ಸವರಿದ ಹಾಗೆ ಹೋಯಿತು. ತಿರುಗಿಸಹೋದರೆ ಕಣ ಮುಗಿದು ಬೇಲಿ ಬಂತು.

"ಇದೇನ್ಲಾ, ಸೈಕಲ್ಲೋ ಏಣಿನೋ? ಇದನ್ನ ತಿರುಗ್ಸೋಕೆ ಪಕ್ಕದೋರ ಹೊಲಾನೂ ಬೇಕಲ್ಲೋ!"

ಎರಡನೆಯದು ಗಿಡ್ಡ. ಹ್ಯಾಂಡಲ್ಲು ಸೀಟಿನ ಕೆಳಗೆ, ತೊಡೆಯ ಪಕ್ಕದಲ್ಲಿ. ಕೈ ಎರಡೂ ಜೋಲು ಬಿಟ್ಟು ಹಿಡಿಯಬೇಕು. ಉಸಿರು ಬಿಟ್ಟರೂ ಮುಂದಿನ ಚಕ್ರ ಅತ್ತಿತ್ತ ಹೊರಳುತ್ತಿತ್ತು. ವಸಂತ್ ಹಿಡಿಯದಿದ್ದರೆ ಅಪ್ಪಯ್ಯಣ್ಣ ಹುಲ್ಲಿನ ಮೆದೆಗೆ ಬೀಳುತ್ತಿದ್ದ.

"ಇದಕ್ಕೆ ಹುಚ್ಚು ಹಿಡಿದೈತೆ. ಕಟ್ಟಾಕು."

ಮೂರನೆಯದಕ್ಕೆ ಮುಂದೆರಡು, ಹಿಂದೊಂದು ಚಕ್ರ. ಇಕ್ಕೆಲದಲ್ಲಿ ಒಂದೊಂದು ಹಿಡಿ. ಒಂದನ್ನು ಎಳೆದು ಇನ್ನೊಂದನ್ನು ತಳ್ಳಿದರೆ ನಿಂತಲ್ಲೇ ಎನ್ನುವಷ್ಟು ಚಿಕ್ಕದಾಗಿ ತಿರುಗುತ್ತದೆ. ಬಲೆಯಂತೆ ಹೆಣೆದ ಸೀಟು ಬೆನ್ನನ್ನು ತೊಟ್ಟಿಲಿನಂತೆ ತೂಗಿತು. ಆದರೆ ನೆಲಕ್ಕೆ ಎಷ್ಟು ಹತ್ತಿರವೆಂದರೆ ಮನೆಯ ನಾಯಿ ಬಂದು ಅಪ್ಪಯ್ಯಣ್ಣನ ಕೆನ್ನೆ ಮೂಸಿತು.

"ಥೂ! ಇದು ಕೂಸು ಆಡ್ಸೋ ಗಾಡಿ ಕಣೋ."

"ಬೀಳಲ್ವಲ್ಲ ಮಾವ. ನಾಳೆ ಸೀದಾ ಗುಡಿ ಬಾಗಿಲಿಗೇ ಹೋಗ್ಬೋದು ನೀವು."

ಅಪ್ಪಯ್ಯಣ್ಣ ಆಗ ತನ್ನ ಕಾಲುಗಳನ್ನು ನೋಡಿಕೊಂಡ. ಎರಡೂ ಪಾದಗಳು ಎದೆಯ ಮಟ್ಟದಲ್ಲಿ ಮುಂದಕ್ಕೆ ಚಾಚಿದ್ದವು. ಗುಡಿಯ ರಸ್ತೆ ಕೊನೆಯ ಫರ್ಲಾಂಗು ನೇರ ಗರ್ಭಗುಡಿಗೇ ಎದುರು.

"ದೇವ್ರಿಗೆ ಕಾಲು ಚಾಚ್ಕೊಂಡು ಹೋಗ್ಲೇನ್ಲಾ?"

"ಅವ್ನೇನೂ ಅನ್ಕೊಳಲ್ಲ ಬಿಡಿ ಮಾವ."

"ಕೇಳ್ಬಿಟ್ಟು ಬಂದ್ಯಾ?"

ಮೂರರಲ್ಲಿ ಯಾವುದನ್ನು ಹತ್ತಿದರೂ ಕಾಲು ಮುಂದೆಯೇ. ಅಪ್ಪಯ್ಯಣ್ಣ ಬಹಳ ಹೊತ್ತು ಹಿಡಿಗಳನ್ನು ಎಳೆದು ತಳ್ಳಿ ನೋಡುತ್ತಾ ಕುಳಿತ.

ಮರುದಿನ ಮೂರು ಚಕ್ರದ ಗಾಡಿಯಲ್ಲಿ ಹೊರಟ ಅಪ್ಪಯ್ಯಣ್ಣ ದೀಪಸ್ತಂಭ ಕಾಣುವ ಮೊದಲೇ ರಸ್ತೆ ಬಿಟ್ಟು ಗುಡಿಯ ಹಿಂದಿನ ಓಣಿಗೆ ಇಳಿದ. ದೇವರನ್ನು ಬಲಕ್ಕಿಟ್ಟುಕೊಂಡು, ಗೋಡೆಯ ಪಕ್ಕದಲ್ಲೇ, ಅರ್ಧ ಪ್ರದಕ್ಷಿಣೆ ಬಂದ. ಮೂಲೆಯಲ್ಲಿ ಒಂದು ಎತ್ತು ಹೊರಳುವಷ್ಟೇ ಜಾಗ. ಹಿಡಿ ಎಳೆದ. ಗಾಡಿ ಗೊಣಗದೆ ತಿರುಗಿ ಬಾಗಿಲ ಪಕ್ಕಕ್ಕೆ ಅಡ್ಡಲಾಗಿ ನಿಂತಿತು. ಪಾದಗಳು ಖಾಲಿ ಬೀದಿಯ ಕಡೆಗಿದ್ದವು.

ಜಗಲಿಯಲ್ಲಿದ್ದ ನೆರೆಮನೆಯ ಮುನಿರಾಮಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಣ್ಣೋ, ಮಂಚದ ಸಮೇತ ಬಂದ್ಬಿಟ್ಟೆ!"

"ಎಬ್ಬಿಸೋಕೆ ಕೈ ಕೊಡು ಮೊದ್ಲು. ದರಿದ್ರದ್ದು, ಹತ್ತೋಕೆ ಒಬ್ಬ, ಇಳಿಯೋಕೆ ಇಬ್ರು ಬೇಕು ಇದಕ್ಕೆ."

ಒಳಗೆ ಹನುಮಂತರಾಯಪ್ಪನವರು ಶ್ರುತಿ ಹಿಡಿದಿದ್ದರು. ಅಪ್ಪಯ್ಯಣ್ಣ ಕಂಬಕ್ಕೆ ಒರಗಿ, ಹಲ್ಲು ಕಚ್ಚಿ ಎರಡೂ ಕಾಲು ಮಡಚಿ, ಪಂಚೆಯೊಳಗೆ ಮುಚ್ಚಿಕೊಂಡ.