ಒಲೆಯ ಮೇಲೆ ತೂಗಿದ ಕೋವಿ

ಲಾಂಗುಸಳ ಮನೆಗೆ ಈಗ ಮಕ್ಕಳು ಬರುತ್ತಿರಲಿಲ್ಲ. ಗಂಡ ಹುಸುಂಗ್ ಇದ್ದಾಗ, ಸಂಜೆಯಾದರೆ ಸಾಕು, ಪಕ್ಕದ ಮನೆಯ ಅಬುಸಳ ಇಬ್ಬರು ಹೆಣ್ಣುಮಕ್ಕಳು ಒಲೆಯ ಮುಂದೆ ಠಿಕಾಣಿ ಹೂಡಿ ಸುಟ್ಟ ಕೆಸುವಿನ ಗೆಡ್ಡೆಗೆ ಕಿತ್ತಾಡುತ್ತಿದ್ದರು. ಅವನು ಎದೆನೋವಿನಿಂದ ತೀರಿಕೊಂಡ ಮೇಲೆ ಅವರೂ ಬರುವುದು ಬಿಟ್ಟರು. ಸ್ವಂತ ಮಕ್ಕಳಿಲ್ಲದ ಲಾಂಗುಸ್ ಈಗಲೂ ಮರೆತು ಹೆಚ್ಚು ಗೆಡ್ಡೆ ಸುಡುತ್ತಿದ್ದಳು. ಉಳಿದದ್ದನ್ನು ಬೆಳಗ್ಗೆ ಬೇಟೆನಾಯಿ ತಿನ್ನುತ್ತಿತ್ತು.

ತೈವಾನಿನ ಬುನುನ್ ಬುಡಕಟ್ಟಿನ ಆ ಬೆಟ್ಟದೂರಿನಲ್ಲಿ ನವಣೆ ಒಣಹಾಕುವ ದಿನಗಳು. ಬೇಲಿಯ ಹತ್ತಿರ ಅಬುಸ್ ಸಿಕ್ಕಿದಾಗ ಲಾಂಗುಸ್ ಕೇಳಿಯೇಬಿಟ್ಟಳು.

"ಏನೇ, ಮಕ್ಕಳನ್ನ ಕಟ್ಟಿಹಾಕಿದ್ದೀಯಾ? ಸಾವಾದ ಮನೆ ಅಂತ ಹೆದರಿಕೆನಾ?"

"ಬಿಡ್ತು ಅನ್ನಕ್ಕ! ಸತ್ತೋರಿಗೆ ಯಾರು ಹೆದರ್ತಾರೆ? ನನಗೆ ಹೆದರಿಕೆ ನಿಮ್ಮ ಒಲೆ ಮೇಲೆ ತೂಗಿದೆಯಲ್ಲ, ಆ ಕೋವಿದು. ಅವರಿದ್ದಾಗ ನೋಡ್ಕೊಳ್ತಿದ್ರು, ಈಗ ಯಾರಿದ್ದಾರೆ?"

"ಮದ್ದು ಥಂಡಿ ಹಿಡೀಬಾರದು ಅಂತ ಅವರೇ ಅಲ್ಲಿ ತೂಗಿದ್ದು. ಬೇಟೆ ಕೋವಿನ ಹೆಂಗಸರು ಮುಟ್ಟಬಾರದು. ನಾನೂ ಮುಟ್ಟಿಲ್ಲ."

"ಈಡು ತುಂಬಿದೆಯೋ, ಖಾಲಿಯೋ?"

"ತುಂಬಿದ್ರೂ ಇಷ್ಟು ತಿಂಗಳಿಗೆ ಮದ್ದು ಸತ್ತುಹೋಗಿರುತ್ತೆ ಬಿಡು."

"ಮದ್ದಿಗೆ ಮುಪ್ಪಿಲ್ಲ ಅಕ್ಕ. ಒಣಗಿದ್ದರೆ ಎಷ್ಟು ಹಳೇದಾದ್ರೂ ಹೊತ್ತಿಕೊಳ್ಳುತ್ತೆ. ನಾಳೆ ನಮ್ಮೋರನ್ನ ಕಳಿಸ್ತೀನಿ."

ಲಾಂಗುಸ್ ಒಂದು ಮಾತು ನುಂಗಿಕೊಂಡಳು. ಕೋವಿಯಲ್ಲಿ ಈಡಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಯ ದಿನ ಹುಸುಂಗ್ ಮದ್ದು ತುಂಬಿ, ಮದ್ದಿಗೆ ಕಿಡಿ ಹಾರಿಸುವ ಕೇಪು ಹಾಕಿ ಹೊಸಿಲು ದಾಟುವಾಗ ಅವಳೇ ಸೀನಿದ್ದಳು. ಸೀನು ಕೇಳಿದ ಮೇಲೆ ಯಾವ ಬುನುನ್ ಬೇಟೆಗಾರನೂ ಕಾಡಿಗೆ ಕಾಲಿಡುವುದಿಲ್ಲ. "ನಿನ್ನ ಮೂಗಿನ ದೆಸೆಯಿಂದ ಇವತ್ತು ಉಪವಾಸ. ನಾಳೆ ಹೋಗ್ತೀನಿ ಬಿಡು" ಎಂದು ನಕ್ಕು, ತುಂಬಿದ ಕೋವಿಯನ್ನು ಹಾಗೆಯೇ ತೂಗಿದ್ದ. ಆ ರಾತ್ರಿಯೇ ಹೋಗಿಬಿಟ್ಟ. ಅವನ ಕೈ ಮಾಡಿದ ಕೊನೆಯ ಕೆಲಸ ಆ ಈಡು. ಅದೂ ಹೋದರೆ ಈ ಮನೆಯಲ್ಲಿ ಅವನದೆನ್ನಲು ಏನುಳಿಯುತ್ತದೆ ಎಂದು ಅವಳಿಗೆ ಅಳು ಬಂತು.

ಬೆಳಗ್ಗೆ ಅಬುಸಳ ಗಂಡ ಅಜಿಮಾನ್ ಬಂದ. ಅವನು ಹುಸುಂಗನ ಬೇಟೆಯ ಜೊತೆಗಾರ.

"ಮೊದಲು ಒಲೆ ಆರಿಸಿ ಅತ್ತಿಗೆ. ನೀವು ನನ್ನ ಹಿಂದೆ ನಿಲ್ಲಿ."

ಕೇಪಿಗೆ ಬಡಿಯುವ ಕೊಕ್ಕೆಗೆ, ಅಂದರೆ ಕೋವಿಯ ಕುದುರೆಗೆ, ಏನೂ ತಗಲದಂತೆ ಕೋವಿಯನ್ನು ಇಳಿಸಿ, ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ ಹಿತ್ತಿಲಿಗೆ ಒಯ್ದ. ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟು, ಕುದುರೆ ಎತ್ತಿ, ಕೇಪು ತೆಗೆದ. ಆಮೇಲೆ ಪಕ್ಕದಲ್ಲಿ ನಿಂತು ನಳಿಗೆಯೊಳಗೆ ಸರಳು ಬಿಟ್ಟ.

"ಸರಳಿನ ಮೇಲಿನ ಗೀರು ನೋಡಿ. ಖಾಲಿ ಕೋವಿಯಾದ್ರೆ ಈ ಗೀರು ನಳಿಗೆ ಬಾಯಿಗೆ ಸರಿಯಾಗಿ ನಿಲ್ಲಬೇಕು. ಈಗ ನಾಲ್ಕು ಬೆರಳು ಮೇಲಿದೆ. ಈಡು ಒಳಗೇ ಇದೆ."

"ಇರಲಿ ಬಿಡು ಅಜಿಮಾನ್," ಎಂದಳು ಲಾಂಗುಸ್. "ಅವರು ತುಂಬಿದ್ದು ಅದು."

ಅಜಿಮಾನ್ ಸರಳನ್ನು ಹೊರಗೆಳೆದ. "ಅಣ್ಣ ಅದನ್ನ ಹಂದಿಗೆ ಅಂತ ತುಂಬಿದ್ದು ಅತ್ತಿಗೆ. ನನ್ನ ಮಕ್ಕಳಿಗಲ್ಲ."

ಅವಳು ಕಣ್ಣೊರೆಸಿಕೊಂಡಳು. "ಹಾಗಾದ್ರೆ ಆ ದಿಬ್ಬಕ್ಕೇ ಹೊಡೆದುಬಿಡು."

"ಒಳಗೆ ಎಷ್ಟು ತುಕ್ಕು ಹಿಡಿದಿದೆಯೋ! ನಳಿಗೆ ಸಿಡಿದು ನನ್ನ ಮೂತಿ ಹೋದ್ರೆ ನಿಮ್ಮ ತಂಗಿ ಅಬುಸ್ ನಿಮ್ಮನ್ನ ಬಿಡ್ತಾಳಾ?"

ನಳಿಗೆಗೆ ನೀರು ಹುಯ್ದು ಮದ್ದು ನೆನೆಯಲು ಬಿಟ್ಟರು. ಮಧ್ಯಾಹ್ನ ತಿರುಪಿನ ತುದಿಯ ಸರಳಿನಿಂದ ಅಜಿಮಾನ್ ಮೆಲ್ಲಗೆ ಒಳಗಿನದನ್ನು ಎಳೆದ. ಸೀಸದ ಗುಂಡಿನ ಚರೆ ಉದುರಿತು, ಕಪ್ಪು ರಾಡಿ ಸುರಿಯಿತು. ನಡುವೆ ಒತ್ತಿಟ್ಟಿದ್ದ ಬಟ್ಟೆಯ ತುಂಡೂ ಬಂತು. ಅದು ಲಾಂಗುಸಳ ಕೆಂಪು ತಲೆವಸ್ತ್ರದ್ದು.

"ನನ್ನ ವಸ್ತ್ರ ಹರಿದಾಗ ಇಲಿ ಕಡಿದಿದೆ ಅಂದಿದ್ದ, ಸುಳ್ಳ!" ಎಂದು ಅವಳು ನಕ್ಕಳು. ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು.

ಅಜಿಮಾನ್ ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಮದ್ದಿನ ಡಬ್ಬಿ ಒಲೆಯಿಂದ ದೂರ, ಬೇರೆ ಪೆಟ್ಟಿಗೆ ಸೇರಿತು. ಕೇಪುಗಳನ್ನು ಮತ್ತೊಂದು ಕಡೆ ಬೀಗದೊಳಗಿಟ್ಟ.

"ಅಣ್ಣ ಹೋದ ವಿಷಯ ಠಾಣೆಗೂ ತಿಳಿಸೋಣ, ಕೋವಿ ಅವರ ಹೆಸರಲ್ಲಿದೆ. ಬೀಗದ ಕೈ ನೀವೇ ಇಟ್ಕೊಳ್ಳಿ ಅತ್ತಿಗೆ. ಹೆಂಗಸರು ಬೀಗದ ಕೈ ಮುಟ್ಟಬಾರದು ಅಂತ ಯಾವ ಹಿರಿಯರೂ ಹೇಳಿಲ್ಲ."

ಸಂಜೆ ಹುಡುಗಿಯರು ಓಡಿಬಂದರು. ಲಾಂಗುಸ್ ಹೆಚ್ಚಿಗೆ ಸುಟ್ಟಿಟ್ಟಿದ್ದ ಗೆಡ್ಡೆ ಅಂದು ನಾಯಿಗೆ ಸಿಗಲಿಲ್ಲ. ಅವರು ಹೋದ ಮೇಲೆ ಮನೆ ಮತ್ತೆ ಭಣಗುಟ್ಟಿತು. ಮಸಿ ಹಿಡಿದ ಗೋಡೆಯ ಮೇಲೆ ಕೋವಿಯಿದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ಲಾಂಗುಸ್ ತೊಳೆದ ಬಟ್ಟೆಯ ತುಂಡನ್ನು ಅಲ್ಲಿಯೇ ಮೊಳೆಗೆ ಸಿಕ್ಕಿಸಿದಳು.

ಅಕ್ಕ ಅಣ್ಣಂದಿರೇ, ನಿಮ್ಮ ಮನೆಯ ಗೋಡೆಯ ಮೇಲೂ ಕೋವಿಯಿದೆಯೇ? ಖಾಲಿ ಎಂದು ಯಾರು ಹೇಳಿದರೂ ನಂಬಬೇಡಿ, ಬಲ್ಲವರನ್ನು ಕರೆದು ನೋಡಿಸಿ. ಕೋವಿ, ಮದ್ದು, ಕೇಪು ಬೇರೆ ಬೇರೆ ಬೀಗದೊಳಗಿರಲಿ, ಬೆಂಕಿಯಿಂದ ದೂರವಿರಲಿ. ಬೇಟೆಗೆ ಹೋಗದೆ ಮರಳಿದ ದಿನವೂ ಈಡು ತೆಗೆದೇ ಮನೆಯೊಳಗೆ ಬನ್ನಿ. ನಾಳೆ ಹೋಗುತ್ತೇನಲ್ಲ ಎನ್ನಬೇಡಿ. ಹುಸುಂಗನೂ ಹಾಗೆಂದೇ ತೂಗಿದ್ದ.